ಅಲೊನ್ಸೊನ ದುರದೃಷ್ಟ ಎನ್ನುವ ಮಾತು

ಫಾರ್ಮುಲಾ ಒನ್ ನೋಡುವ ನಾಲ್ಕು ಜನ ಸೇರಿದ ಕಡೆ ಫರ್ನಾಂಡೊ ಅಲೊನ್ಸೊನ ಹೆಸರು ಬಂದರೆ ಅದರ ಬೆನ್ನಿಗೇ ‘ಪಾಪ’ ಎನ್ನುವ ಉದ್ಗಾರವೂ ಬರುತ್ತದೆ. ಎಂಥ ಪ್ರತಿಭೆ, ಆದರೆ ಸರಿಯಾದ ಹೊತ್ತಿಗೆ ಸರಿಯಾದ ತಂಡದಲ್ಲಿ ಇರಲಿಲ್ಲ, ಎಲ್ಲ ಹಣೆಬರಹ ಎನ್ನುತ್ತಾರೆ. 2005 ಮತ್ತು 2006ರಲ್ಲಿ ರೆನೊ ತಂಡದಲ್ಲಿದ್ದಾಗ ಎರಡು ಬಾರಿ ವಿಶ್ವ ಚಾಂಪಿಯನ್ ಆದವನು ಅವನು. ಒಟ್ಟು 32 ರೇಸ್ ಗೆದ್ದಿದ್ದಾನೆ. ಕೊನೆಯದನ್ನು ಗೆದ್ದದ್ದು 2013ರ ಮೇ ತಿಂಗಳಲ್ಲಿ, ಸ್ಪೇನಿನಲ್ಲಿ, ತನ್ನ ಜನರ ಎದುರು. ಆಮೇಲೆ 2025ರ ಕೊನೆಯವರೆಗೂ ಒಂದೂ ಗೆಲುವಿಲ್ಲ. ಇಷ್ಟು ದೀರ್ಘವಾದ ಬರಗಾಲಕ್ಕೆ ದುರದೃಷ್ಟ ಎನ್ನುವುದು ಸಾಲುವ ಕಾರಣವೇ? ನನಗೆ ಹಾಗೆ ಅನ್ನಿಸುವುದಿಲ್ಲ.

ಚಾಲಕನೊಬ್ಬ ಯಾವ ತಂಡಕ್ಕೆ ಹೋಗುತ್ತಾನೆ, ಎಷ್ಟು ದಿನ ಇರುತ್ತಾನೆ, ಯಾವ ಗಳಿಗೆಯಲ್ಲಿ ಎದ್ದು ಹೊರಡುತ್ತಾನೆ ಎನ್ನುವುದನ್ನು ನಾವು ಲೆಕ್ಕಾಚಾರದ ವಿಷಯ ಎಂದುಕೊಳ್ಳುತ್ತೇವೆ. ಆದರೆ ಲೆಕ್ಕ ಹಾಕಲು ಅವನ ಕೈಯಲ್ಲಿ ಏನಿರುತ್ತದೆ? ಒಪ್ಪಂದಕ್ಕೆ ಸಹಿ ಬೀಳುವಾಗ ಅವನು ಓಡಿಸಬೇಕಾದ ಕಾರು ಅನೇಕ ವೇಳೆ ಇನ್ನೂ ವಿನ್ಯಾಸಗೊಂಡಿರುವುದೂ ಇಲ್ಲ. ನಿಯಮಗಳು ಬದಲಾಗುತ್ತವೆ, ಎಂಜಿನ್ ಬದಲಾಗುತ್ತದೆ, ಮುಖ್ಯ ವಿನ್ಯಾಸಕಾರ ಬೇರೆ ತಂಡಕ್ಕೆ ಹೋಗುತ್ತಾನೆ. ಅಲೊನ್ಸೊ 2007ರಿಂದ ಮೆಕ್‌ಲಾರೆನ್ ಪರ ಓಡಿಸುತ್ತಾನೆ ಎಂಬ ಪ್ರಕಟಣೆ ಹೊರಬಿದ್ದದ್ದು 2005ರ ಡಿಸೆಂಬರಿನಲ್ಲಿ, ಅಂದರೆ ಒಂದು ವರ್ಷಕ್ಕೂ ಮೊದಲು. ನಡುವಿನ ಇಡೀ ವರ್ಷ ಅವನು ಬಿಟ್ಟು ಹೋಗಲಿರುವ ತಂಡಕ್ಕೇ ಓಡಿಸಿ ಮತ್ತೊಮ್ಮೆ ಚಾಂಪಿಯನ್ ಆದ. ಹೀಗೆ ಕಾಣದ ಕಾರಿನ ಮೇಲೆ ಪಣ ಕಟ್ಟುವಾಗ ಚಾಲಕನಿಗೆ ನಿಜವಾಗಿ ಗೊತ್ತಿರುವುದು ಒಂದೇ: ತಾನು ಎಂಥವನು, ಎಂಥವರ ಜೊತೆ ಏಗಬಲ್ಲೆ ಎನ್ನುವುದು. ಅದು ಕೂಡ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಅಲೊನ್ಸೊನ ಸ್ವಭಾವವನ್ನು ಅರಿಯಲು 2007ರ ಹಂಗೆರಿಯ ಅರ್ಹತಾ ಸುತ್ತನ್ನು, ಅಂದರೆ ಮರುದಿನದ ರೇಸಿನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಓಟವನ್ನು, ನೋಡಬೇಕು. ಆ ವರ್ಷ ಮೆಕ್‌ಲಾರೆನ್ ಅವನ ಪಕ್ಕದಲ್ಲಿ ಕೂರಿಸಿದ್ದು 22 ವರ್ಷದ ಹೊಸಬ ಲೂಯಿಸ್ ಹ್ಯಾಮಿಲ್ಟನ್‌ನನ್ನು. ಹ್ಯಾಮಿಲ್ಟನ್ ಹದಿಮೂರರ ಹುಡುಗನಾಗಿದ್ದಾಗಲೇ ಮೆಕ್‌ಲಾರೆನ್ ಅವನ ಕೈ ಹಿಡಿದಿತ್ತು. ಆಗಿನ ನಿಯಮದ ಪ್ರಕಾರ ಅರ್ಹತೆಯ ಕೊನೆಯ ಭಾಗದಲ್ಲಿ ಇಂಧನ ಸುಡಲೆಂದೇ ಒಂದಷ್ಟು ಸುತ್ತು ಹಾಕಬೇಕಿತ್ತು. ಒಂದು ಸುತ್ತು ಹೆಚ್ಚು ಹಾಕಿದವನ ಕಾರು ಅಷ್ಟು ಹಗುರ, ಅವನಿಗೆ ಅಷ್ಟು ಲಾಭ. ಆ ಹೆಚ್ಚುವರಿ ಸುತ್ತನ್ನು ಇಬ್ಬರಿಗೂ ಸರದಿಯ ಮೇಲೆ ಕೊಡುವ ಪದ್ಧತಿ ತಂಡದಲ್ಲಿತ್ತು, ಅಂದಿನ ಸರದಿ ಅಲೊನ್ಸೊನದು. ಮುಂದೆ ಹೋಗಿದ್ದ ಹ್ಯಾಮಿಲ್ಟನ್ ದಾರಿ ಬಿಡಬೇಕಿತ್ತು. ತಂಡ ಹೇಳಿತು, ಅವನು ಬಿಡಲಿಲ್ಲ.

ಕೊನೆಯ ಟೈರ್ ಬದಲಾವಣೆಗೆ ಅಲೊನ್ಸೊ ಪಿಟ್‌ಗೆ ಬಂದ. ಟೈರುಗಳು ಕೂತವು. ಮುಂದಿರುವ ದಟ್ಟಣೆ ಕರಗಲಿ ಎಂದು ತಂಡವೇ ಅವನನ್ನು ಒಂದಿಷ್ಟು ಹೊತ್ತು ನಿಲ್ಲಿಸಿಕೊಂಡಿತು. ಹಿಂದೆ ಹ್ಯಾಮಿಲ್ಟನ್‌ನ ಕಾರು ಬಂದು ಕಾಯುತ್ತಿತ್ತು. ‘ಹೊರಡು’ ಎನ್ನುವ ಸೂಚನೆಯ ಕೋಲು ಮೇಲೆದ್ದಿತು. ಅಲೊನ್ಸೊ ಕದಲಲಿಲ್ಲ. ಸುಮಾರು ಹತ್ತು ಸೆಕೆಂಡು ಹಾಗೆಯೇ ನಿಂತ. ಆಮೇಲೆ ಹೊರಟು, ಸಮಯ ಮುಗಿಯುವ ಮೊದಲೇ ಗೆರೆ ದಾಟಿ, ಅಂದಿನ ಅತಿ ವೇಗದ ಸುತ್ತು ಹಾಕಿದ. ಹ್ಯಾಮಿಲ್ಟನ್‌ಗೆ ಆ ಗೆರೆ ದಾಟುವಷ್ಟು ಸಮಯ ಉಳಿಯಲಿಲ್ಲ. ತಂಡದ ಮುಖ್ಯಸ್ಥ ರಾನ್ ಡೆನ್ನಿಸ್ ತಮ್ಮ ಹೆಡ್‌ಫೋನ್ ಕಿತ್ತೆಸೆದು ನೇರವಾಗಿ ಅಲೊನ್ಸೊನ ತರಬೇತುದಾರನ ಬಳಿ ನಡೆದರು.

ಆ ಹತ್ತು ಸೆಕೆಂಡುಗಳನ್ನು ನಾನು ಬಹಳ ಸಲ ಮತ್ತೆ ಮತ್ತೆ ನೋಡಿದ್ದೇನೆ. ಎಷ್ಟು ಸೆಕೆಂಡು ನಿಂತರೆ ತಾನು ದಾಟಬಹುದು, ಹಿಂದಿರುವವನು ದಾಟಲಾಗದು ಎನ್ನುವುದನ್ನು ಕಾರಿನಲ್ಲಿ ಕೂತೇ ಎಣಿಸಿದ ತಲೆ ಅದು. ಅಂಥ ತಲೆಗೆ ಈ ಕೆಲಸದ ಬೆಲೆ ಎಷ್ಟಾಗಬಹುದು ಎನ್ನುವುದು ಮಾತ್ರ ಹೊಳೆಯಲಿಲ್ಲ, ಅಥವಾ ಹೊಳೆದರೂ ಆ ಹೊತ್ತಿಗೆ ಬೇಕಿರಲಿಲ್ಲ. ಐದು ಸ್ಥಾನ ಹಿಂದೆ ಹೋಗುವ ದಂಡ ಬಿತ್ತು. ಮರುದಿನ ಹ್ಯಾಮಿಲ್ಟನ್ ಗೆದ್ದ, ಅಲೊನ್ಸೊ ನಾಲ್ಕನೆಯವನಾದ. ಅಂದು ಬೆಳಿಗ್ಗೆ ಡೆನ್ನಿಸ್ ಜೊತೆ ನಡೆದ ಜಗಳದಲ್ಲಿ, ಫೆರಾರಿಯಿಂದ ಸೋರಿ ಬಂದ ಮಾಹಿತಿ ಕುರಿತ ಇಮೇಲ್‌ಗಳ ಮಾತು ಬಂತು. ಆ ಮಾಹಿತಿಯ ಪ್ರಕರಣದಲ್ಲಿ ಸೆಪ್ಟೆಂಬರಿನಲ್ಲಿ ಮೆಕ್‌ಲಾರೆನ್‌ಗೆ 10 ಕೋಟಿ ಡಾಲರ್ ದಂಡ ಬಿದ್ದು, ತಂಡಗಳ ಚಾಂಪಿಯನ್‌ಷಿಪ್‌ನಿಂದಲೇ ಅದನ್ನು ಹೊರಗಿಡಲಾಯಿತು. ಚಾಲಕರ ಪಟ್ಟಿಯಲ್ಲಿ ಅಲೊನ್ಸೊ 109, ಹ್ಯಾಮಿಲ್ಟನ್ 109. ಇಬ್ಬರ ಜಗಳದ ನಡುವೆ ಫೆರಾರಿಯ ಕಿಮಿ ರೈಕೊನೆನ್ 110 ಅಂಕಗಳೊಂದಿಗೆ ಚಾಂಪಿಯನ್ ಆದ. ಮೂರು ವರ್ಷದ ಒಪ್ಪಂದವನ್ನು ಒಂದೇ ವರ್ಷಕ್ಕೆ ಮುಗಿಸಿ ಅಲೊನ್ಸೊ ರೆನೊಗೆ ಮರಳಿದ.

ಇದರಲ್ಲಿ ದುರದೃಷ್ಟ ಎಲ್ಲಿದೆ? ಆ ವರ್ಷ ಮೆಕ್‌ಲಾರೆನ್ ಕಾರು ಚೆನ್ನಾಗಿಯೇ ಇತ್ತು. ಅವನ ಆಯ್ಕೆ ತಾಂತ್ರಿಕವಾಗಿ ನೂರಕ್ಕೆ ನೂರು ಸರಿಯಾಗಿತ್ತು. ಅವನಿಗೆ ಬೇಕಾಗಿದ್ದದ್ದು ಕಾರಿನ ಜೊತೆಗೆ ಇನ್ನೊಂದು: ಗ್ಯಾರೇಜಿನ ನಡುವೆ ತಾನೇ ಇರಬೇಕು, ಉಳಿದದ್ದೆಲ್ಲ ತನ್ನ ಸುತ್ತ ತಿರುಗಬೇಕು. ರೆನೊದಲ್ಲಿ ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೊರೆ ಅದನ್ನು ಕೊಟ್ಟಿದ್ದರು. ಇಬ್ಬರೂ ಸಮಾನರು ಎಂದು ಬಾಯಲ್ಲಿ ಹೇಳುವ, ಮನಸ್ಸಿನಲ್ಲಿ ತಾನೇ ಬೆಳೆಸಿದ ಹುಡುಗನ ಮೇಲೆ ಮಮತೆಯಿರುವ ತಂಡದಲ್ಲಿ ಅದು ಸಿಗುವಂತಿರಲಿಲ್ಲ.

ಇದೇ ಮೆಕ್‌ಲಾರೆನ್‌ಗೆ, ಇದೇ ಹ್ಯಾಮಿಲ್ಟನ್‌ನ ಪಕ್ಕದ ಕಾರಿಗೆ 2010ರಲ್ಲಿ ಜೆನ್ಸನ್ ಬಟನ್ ಬಂದ. ಆಗಷ್ಟೇ ಚಾಂಪಿಯನ್ ಆಗಿದ್ದ ಬಟನ್ ತನಗಾಗಿಯೇ ನಡೆಯುತ್ತಿದ್ದ ಬ್ರಾನ್ ತಂಡವನ್ನು ಬಿಟ್ಟು ಹುಲಿಯ ಬೋನಿಗೆ ತಲೆ ಕೊಡುತ್ತಿದ್ದಾನೆ ಎಂದು ಬಹಳ ಜನ ಮರುಗಿದರು. ಶುದ್ಧ ವೇಗದಲ್ಲಿ ಹ್ಯಾಮಿಲ್ಟನ್ ಮುಂದು ಎನ್ನುವುದು ಬಟನ್‌ಗೂ ಗೊತ್ತಿತ್ತು. ಅದರಿಂದ ಅವನು ಕೆರಳಲಿಲ್ಲ. ಒಂದು ಶನಿವಾರ ಸೋತರೆ ಭಾನುವಾರಕ್ಕೆ ಟೈರ್ ಉಳಿಸುವುದು ಹೇಗೆಂದು ಯೋಚಿಸುವ ಆಸಾಮಿ. 2011ರ ಕೆನಡಾ ರೇಸಿನಲ್ಲಿ ಮಳೆ ಸುರಿಯುತ್ತಿದ್ದಾಗ ಹ್ಯಾಮಿಲ್ಟನ್‌ಗೇ ತಾಗಿ, ದಂಡ ತೆತ್ತು, ಪಿಟ್ ಹಾದಿಯನ್ನು ಆರು ಬಾರಿ ಹಾದು, ಒಂದು ಹಂತದಲ್ಲಿ ಕೊಟ್ಟಕೊನೆಯ ಸ್ಥಾನಕ್ಕೆ ಬಿದ್ದು, ಕೊನೆಯ ಸುತ್ತಿನಲ್ಲಿ ಸೆಬಾಸ್ಟಿಯನ್ ವೆಟೆಲ್ ಒಂದಿಷ್ಟು ಜಾರಿದಾಗ ಮುಂದೆ ಹೋಗಿ ಗೆದ್ದುಬಿಟ್ಟ. ಮೂರು ವರ್ಷ ಕೂಡಿಸಿದರೆ ಬಟನ್ ಗಳಿಸಿದ್ದು 672 ಅಂಕ, ಹ್ಯಾಮಿಲ್ಟನ್ 657. ಬಟನ್ ಹ್ಯಾಮಿಲ್ಟನ್‌ಗಿಂತ ದೊಡ್ಡ ಚಾಲಕ ಎಂದು ಇದರಿಂದ ಸಾಧಿಸಲಾಗದು, ಹ್ಯಾಮಿಲ್ಟನ್‌ನ ಕಾರು ಕೆಟ್ಟದ್ದೂ ಹೆಚ್ಚು. ಆದರೂ ಅಲೊನ್ಸೊ ಒಂದು ವರ್ಷ ಬಾಳಲಾಗದ ಕಡೆ ಬಟನ್ ಮೂರು ವರ್ಷ ನೆಮ್ಮದಿಯಿಂದ ಇದ್ದ ಎನ್ನುವುದನ್ನು ಅಲೊನ್ಸೊನ ಅಭಿಮಾನಿಯಾದ ನಾನು ಕಡೆಗಣಿಸಲಾರೆ.

ಅಲೊನ್ಸೊನ ಫೆರಾರಿ ವರ್ಷಗಳ ಬಗ್ಗೆ ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. 2010ರ ಕೊನೆಯ ರೇಸಿಗೆ, ಅಬುಧಾಬಿಗೆ, ಅವನು ಬಂದದ್ದು ಪಟ್ಟಿಯ ಮೊದಲ ಸ್ಥಾನದಲ್ಲಿ. ರೆಡ್‌ಬುಲ್‌ನ ಮಾರ್ಕ್ ವೆಬರ್‌ನನ್ನು ತಡೆದರೆ ಸಾಕು ಎಂದುಕೊಂಡ ಫೆರಾರಿ ಅವನನ್ನು ಬೇಗ ಪಿಟ್‌ಗೆ ಕರೆಯಿತು. ಹೊರಬಂದವನು ವಿಟಾಲಿ ಪೆಟ್ರೊವ್‌ನ ಹಿಂದೆ ಸಿಕ್ಕಿಕೊಂಡ. ಪೆಟ್ರೊವ್ ಓಡಿಸುತ್ತಿದ್ದದ್ದು ರೆನೊ, ಅಲೊನ್ಸೊ ಎರಡು ಪಟ್ಟ ಗೆದ್ದ ಅದೇ ತಂಡದ ಕಾರು. ಸುತ್ತಿನ ಮೇಲೆ ಸುತ್ತು ಪ್ರಯತ್ನಿಸಿದರೂ ದಾಟಲಾಗಲಿಲ್ಲ. ಏಳನೆಯವನಾಗಿ ಮುಗಿಸಿದ. ವೆಬರ್‌ನ ಜೊತೆಗಾರ ವೆಟೆಲ್ 256, ಅಲೊನ್ಸೊ 252. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

2012 ಅದಕ್ಕಿಂತ ದೊಡ್ಡದು. ವರ್ಷದ ಆರಂಭದಲ್ಲಿ ಫೆರಾರಿ ಕಾರು ನಿಧಾನವಾಗಿತ್ತು. ಅಂಥ ಕಾರಿನಲ್ಲಿ ಮಲೇಷ್ಯಾದ ಮಳೆಯಲ್ಲಿ ಗೆದ್ದ. ಜೂನ್‌ನಲ್ಲಿ ವೆಲೆನ್ಸಿಯಾದಲ್ಲಿ ಹನ್ನೊಂದನೆಯ ಸ್ಥಾನದಿಂದ ಹೊರಟ. ಒಬ್ಬೊಬ್ಬರನ್ನೇ ದಾಟಿದ, ಮುಂದಿದ್ದ ವೆಟೆಲ್‌ನ ಕಾರು ಕೆಟ್ಟು ನಿಂತಿತು, ಗ್ರೋಜಾನ್‌ನದೂ ನಿಂತಿತು. ಗೆದ್ದ ಮೇಲೆ ಪ್ರೇಕ್ಷಕರ ಎದುರಿಗೇ ಕಾರು ನಿಲ್ಲಿಸಿ ಇಳಿದ, ಸ್ಪೇನಿನ ಬಾವುಟ ಹಿಡಿದ, ಮೊದಲ ಮೂವರು ನಿಲ್ಲುವ ಪೋಡಿಯಂ ಮೇಲೆ ಅತ್ತುಬಿಟ್ಟ. ನಾನು ನೋಡಿದ ಫಾರ್ಮುಲಾ ಒನ್ ರೇಸುಗಳಲ್ಲಿ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ. ವರ್ಷದ ಕೊನೆಗೆ ವೆಟೆಲ್ 281, ಅಲೊನ್ಸೊ 278. ಆ ಕಾರನ್ನು ಅಲ್ಲಿಯವರೆಗೆ ಎಳೆದು ತಂದದ್ದು ಹಂಗೆರಿಯಲ್ಲಿ ಕದಲದೆ ನಿಂತ ಅದೇ ಹಟ. ಅದನ್ನು ಕಿತ್ತು ಬದಿಗಿಟ್ಟು ಚಾಲಕನನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವಾಗ ನಾವು ಸಾಮಾನ್ಯವಾಗಿ ಕೆಟ್ಟ ಗುಣದ ಬಗ್ಗೆ ಹೇಳುತ್ತೇವೆ. ಇವನಲ್ಲಿ ಅದನ್ನು ಕೆಟ್ಟದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಸೋಲನ್ನು ಒಳಗಿಟ್ಟುಕೊಳ್ಳುವುದು ಅವನಿಗೆ ಒಗ್ಗುವುದಿಲ್ಲ. 2013ರ ಹಂಗೆರಿ ರೇಸಿನ ಹೊತ್ತಿಗೆ, ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದವರಿಗೆ ಬೇರೆಯವರ ಕಾರು ಬೇಕು ಎಂಬರ್ಥದ ಉತ್ತರ ಕೊಟ್ಟ. ಜುಲೈ 29, ಅವನ ಹುಟ್ಟಿದ ದಿನ, ಫೆರಾರಿಯ ಅಧ್ಯಕ್ಷ ಲೂಕಾ ದಿ ಮೊಂಟೆಜೆಮೊಲೊ ಶುಭಾಶಯದ ಜೊತೆಗೆ ತಂಡದ ಹಿತ ಎಲ್ಲಕ್ಕಿಂತ ಮೇಲೆಂದು ಬುದ್ಧಿ ಹೇಳಿದರು. ಹೇಳಿದ್ದನ್ನು ತಂಡವೇ ಲೋಕಕ್ಕೆಲ್ಲ ಪ್ರಕಟಿಸಿತು. ಆಮೇಲೆ ಆ ಸಂಬಂಧ ಸರಿಹೋಗಲಿಲ್ಲ. ಒಪ್ಪಂದ 2016ರವರೆಗೆ ಇದ್ದರೂ 2014ರ ಕೊನೆಗೆ ಹೊರಟ.

ಫೆರಾರಿಯಲ್ಲಿ ಅಲೊನ್ಸೊ ಇದ್ದದ್ದು ಐದು ವರ್ಷ. ಮೈಕೆಲ್ ಶೂಮಾಕರ್ ಫೆರಾರಿಯಲ್ಲಿ ಚಾಂಪಿಯನ್ ಆದದ್ದು ಸರಿಯಾಗಿ ಐದನೆಯ ವರ್ಷದಲ್ಲಿ. ಆಗಲೇ ಎರಡು ಪಟ್ಟಗಳನ್ನು ಗೆದ್ದಿದ್ದ ಶೂಮಾಕರ್ 1996ರಲ್ಲಿ ಬೆನೆಟನ್ ಬಿಟ್ಟು ಬಂದಾಗ ಫೆರಾರಿಯ ಚಾಲಕನೊಬ್ಬ ಚಾಂಪಿಯನ್ ಆಗಿ 17 ವರ್ಷ ಕಳೆದಿತ್ತು. ಆ ವರ್ಷದ ಫ್ರಾನ್ಸ್ ರೇಸಿನಲ್ಲಿ ಅವನ ಎಂಜಿನ್ ರೇಸ್ ಶುರುವಾಗುವ ಮುನ್ನ, ಸಾಲಿಗೆ ಬಂದು ನಿಲ್ಲುವ ಸುತ್ತಿನಲ್ಲೇ ಒಡೆದುಹೋಯಿತು. 1997ರಲ್ಲಿ ಜಾಕ್ ವಿಲ್‌ನೆವ್‌ಗೆ ಗುದ್ದಿ ಇಡೀ ವರ್ಷದ ಸ್ಥಾನವನ್ನೇ ಕಳೆದುಕೊಂಡ. 1998ರಲ್ಲಿ ಕೊನೆಯ ರೇಸಿನಲ್ಲಿ ಸೋತ. 1999ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಕಾಲು ಮುರಿಯಿತು. ಅವನ ಸ್ವಭಾವ ಅಲೊನ್ಸೊನದಕ್ಕಿಂತ ಮೆದುವೇನೂ ಅಲ್ಲ, ದಾರಿಯಲ್ಲಿ ಅವನಷ್ಟು ನಿರ್ದಯಿಗಳಾದವರು ಕಡಿಮೆ. ಆದರೆ ಆ ನಿರ್ದಯತೆ ಹೊರಗಿನವರಿಗೆ ಮೀಸಲು. ಗ್ಯಾರೇಜಿನ ಒಳಗೆ ಅವನು ಸೇರಿಸುವವನು: ಬೆನೆಟನ್‌ನಲ್ಲಿ ಜೊತೆಗಿದ್ದ ತಂತ್ರಜ್ಞ ರಾಸ್ ಬ್ರಾನ್ ಮತ್ತು ವಿನ್ಯಾಸಕಾರ ರೋರಿ ಬೈರ್ನ್ ಅವನ ಬೆನ್ನಿಗೇ ಫೆರಾರಿಗೆ ಬಂದರು, ಆಗಲೇ ಅಲ್ಲಿದ್ದ ಮುಖ್ಯಸ್ಥ ಜಾನ್ ಟಾಡ್ ಜೊತೆ ಸೇರಿ ತಂಡ ಕಟ್ಟಿದರು. 2000ದಿಂದ 2004ರವರೆಗೆ ಸತತ ಐದು ಪಟ್ಟ.

ಅಲೊನ್ಸೊನ ಬೆನ್ನಿಗೂ ಒಬ್ಬ ಬಂದಿದ್ದ. ಫೆರಾರಿಯಲ್ಲಿ ಅವನ ರೇಸ್ ಎಂಜಿನಿಯರ್ ಆಗಿದ್ದ ಆಂಡ್ರಿಯಾ ಸ್ಟೆಲ್ಲಾ 2015ರಲ್ಲಿ ಅವನ ಜೊತೆಯೇ ಮೆಕ್‌ಲಾರೆನ್‌ಗೆ ಹೋದ. ಅಲೊನ್ಸೊ ಅಲ್ಲಿಂದ ಹೊರಟ ಮೇಲೂ ಸ್ಟೆಲ್ಲಾ ಅಲ್ಲೇ ಉಳಿದ, 2022ರ ಕೊನೆಗೆ ತಂಡದ ಮುಖ್ಯಸ್ಥನಾದ, 2024ರಲ್ಲಿ ಮೆಕ್‌ಲಾರೆನ್‌ಗೆ 26 ವರ್ಷಗಳ ನಂತರ ತಂಡಗಳ ಚಾಂಪಿಯನ್‌ಷಿಪ್ ತಂದುಕೊಟ್ಟ. ಈ ಒಂದು ಸಂಗತಿ ನನ್ನನ್ನು ಕಾಡಿದಷ್ಟು ಆ ಮೂರು ಅಂಕಗಳ ಸೋಲೂ ಕಾಡಿಲ್ಲ. ಗೆಲುವನ್ನು ಕಟ್ಟಬಲ್ಲ ಮನುಷ್ಯ ಅವನ ಪಕ್ಕದಲ್ಲೇ ಇದ್ದ, ರೇಡಿಯೊದಲ್ಲಿ ದಿನವೂ ಮಾತನಾಡುತ್ತಿದ್ದ.

ಮೆಕ್‌ಲಾರೆನ್–ಹೋಂಡಾ ಎನ್ನುವ ಜೋಡಿಗೆ 1988ರ ನೆನಪಿನ ಬಲವಿತ್ತು. ಅಯರ್ಟನ್ ಸೆನ್ನಾ ಮತ್ತು ಅಲೆನ್ ಪ್ರೋಸ್ಟ್ ಆ ವರ್ಷದ 16 ರೇಸುಗಳಲ್ಲಿ 15ನ್ನು ಗೆದ್ದದ್ದು ಆ ಜೋಡಿಯ ಕಾರಿನಲ್ಲಿ. 2015ರಲ್ಲಿ ಮರಳಿ ಬಂದ ಹೋಂಡಾ ಎಂಜಿನ್‌ಗೆ ಶಕ್ತಿಯೂ ಇರಲಿಲ್ಲ, ಬಾಳಿಕೆಯೂ ಇರಲಿಲ್ಲ. ಸುಜುಕಾದಲ್ಲಿ, ಹೋಂಡಾದ ಸ್ವಂತ ನೆಲದಲ್ಲಿ, ಹೋಂಡಾದ ಹಿರಿಯರೆಲ್ಲ ನೋಡುತ್ತಿರುವಾಗ, ನೇರ ಹಾದಿಯಲ್ಲಿ ಒಬ್ಬೊಬ್ಬರೂ ತನ್ನನ್ನು ದಾಟಿ ಹೋಗುವುದನ್ನು ಕಂಡ ಅಲೊನ್ಸೊ ಇದು ಜಿಪಿ2 ಎಂಜಿನ್, ಅಂದರೆ ಕೆಳದರ್ಜೆಯ ರೇಸಿನದು, ಎಂದು ರೇಡಿಯೊದಲ್ಲಿ ಕಿರುಚಿದ. ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಆ ಎಂಜಿನ್ ಮಾಡಿದವರನ್ನು ಅವರ ಮನೆಯಲ್ಲೇ ಹಾಗೆ ಅವಮಾನಿಸಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಅದೇ ಹೋಂಡಾ ತಾಳ್ಮೆಯಿಂದ ತಿದ್ದಿಕೊಂಡು, ರೆಡ್‌ಬುಲ್ ಜೊತೆ ಸೇರಿ, 2021ರಲ್ಲಿ ಮ್ಯಾಕ್ಸ್ ವೆರ್ಸ್ಟಾಪೆನ್‌ನನ್ನು ಚಾಂಪಿಯನ್ ಮಾಡಿತು.

ಮೆಕ್‌ಲಾರೆನ್ ಬಿಡುವ ಹ್ಯಾಮಿಲ್ಟನ್‌ನ 2012ರ ನಿರ್ಧಾರವನ್ನು ಎಲ್ಲರೂ ಜಾಣತನ ಎನ್ನುತ್ತಾರೆ. ಅಂದು ಯಾರೂ ಹಾಗೆನ್ನಲಿಲ್ಲ. ಮೆಕ್‌ಲಾರೆನ್ ಆ ವರ್ಷದ ವೇಗದ ಕಾರುಗಳಲ್ಲಿ ಒಂದು. ಮರ್ಸಿಡಿಸ್ 2010ರಲ್ಲಿ ಮರಳಿದ ಮೇಲೆ ಗೆದ್ದಿದ್ದದ್ದು ಒಂದೇ ಒಂದು ರೇಸ್. ಸಿಂಗಪುರದಲ್ಲಿ ಮುಂದಿದ್ದಾಗಲೇ ಗೇರ್‌ಬಾಕ್ಸ್ ಕೈಕೊಟ್ಟ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 28ರಂದು, ಹ್ಯಾಮಿಲ್ಟನ್ ಮರ್ಸಿಡಿಸ್‌ಗೆ ಹೋಗುವ ಸುದ್ದಿ ಹೊರಬಿತ್ತು. 2014ರ ಹೊಸ ಎಂಜಿನ್ ನಿಯಮಕ್ಕೆ ತಾವು ಹೇಗೆ ತಯಾರಾಗುತ್ತಿದ್ದೇವೆ ಎಂದು ಆಗ ಮರ್ಸಿಡಿಸ್ ತಂಡದ ಮುಖ್ಯಸ್ಥರಾಗಿದ್ದ ರಾಸ್ ಬ್ರಾನ್ ಅವನಿಗೆ ವಿವರಿಸಿದ್ದರು, ಮರ್ಸಿಡಿಸ್ ಪರವಾಗಿ ನಿಕಿ ಲೌಡಾ ಬೆನ್ನು ಹತ್ತಿದ್ದ. 1977ರಲ್ಲಿ ಚಾಂಪಿಯನ್ ಪಟ್ಟ ಖಚಿತವಾಗುತ್ತಲೇ, ಇನ್ನೂ ಎರಡು ರೇಸ್ ಉಳಿದಿರುವಾಗ, ತನ್ನನ್ನು ನಂಬದ ಫೆರಾರಿಯನ್ನು ಬಿಟ್ಟು ನಡೆದವನು ಈ ಲೌಡಾ. ಬಿಟ್ಟು ಹೋಗುವುದು ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಹೇಳಬಲ್ಲವರು ಇರಲಿಲ್ಲ. ಹ್ಯಾಮಿಲ್ಟನ್ ಎಂಜಿನ್ನಿನ ಭರವಸೆಯನ್ನಷ್ಟೇ ನಂಬಿ ಹೋದ ಎಂದು ನನಗೆ ಅನ್ನಿಸುವುದಿಲ್ಲ. ಹದಿಮೂರರಿಂದ ಸಾಕಿದ ತಂಡದಲ್ಲಿ ಮನುಷ್ಯ ಎಷ್ಟೇ ಬೆಳೆದರೂ ಹುಡುಗನೇ. ಹೋಗದೆ ಅವನು ದೊಡ್ಡವನಾಗುವಂತಿರಲಿಲ್ಲ. ಮರ್ಸಿಡಿಸ್ ಅವನಿಗೆ ಆರು ಪಟ್ಟ ಕೊಟ್ಟಿತು. ಬಿಟ್ಟು ಬಂದ ಮೆಕ್‌ಲಾರೆನ್ 2012ರ ಕೊನೆಯ ರೇಸಿನ ನಂತರ ಮತ್ತೊಂದನ್ನು ಗೆದ್ದದ್ದು 2021ರಲ್ಲಿ.

ಅದೇ ಹ್ಯಾಮಿಲ್ಟನ್ 2025ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಫೆರಾರಿಯ ಕೆಂಪು ತೊಟ್ಟ. ಇಡೀ ವರ್ಷ ಒಂದು ಗ್ರ್ಯಾಂಡ್ ಪ್ರಿ ಪೋಡಿಯಂ ಕೂಡ ಸಿಗಲಿಲ್ಲ. ಇದನ್ನು ಕಂಡು ನಗುವವರ ಜೊತೆ ನಾನು ಸೇರಲಾರೆ. ಫೆರಾರಿಯ ಆಸೆ ಎಂಥದ್ದೆಂದು ನಮಗೆ ಹತ್ತಿರದ ಒಂದು ಉದಾಹರಣೆಯೇ ಇದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ಅಲ್ಲಿಯವರೆಗೆ ಒಂದು ಅಂಕವನ್ನೂ ಕಾಣದ ತಂಡ. 2009ರ ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಂನಲ್ಲಿ ಅದರ ಚಾಲಕ ಜಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಪೊಸಿಷನ್, ಅಂದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದಿನ ಜಾಗ, ಪಡೆದು ಎರಡನೆಯವನಾಗಿ ಮುಗಿಸಿದ. ಮುಂದಿನ ರೇಸ್ ಇಟಲಿಯ ಮೊಂಜಾದಲ್ಲಿ. ಹಂಗೆರಿಯಲ್ಲಿ ಗಾಯಗೊಂಡಿದ್ದ ಫೆಲಿಪೆ ಮಾಸಾನ ಜಾಗಕ್ಕೆ ಫೆರಾರಿ ಕರೆಯಿತು. ರೋಮಿನವನಾದ ಫಿಸಿಕೆಲ್ಲಾ ಎರಡು ಮಾತಿಲ್ಲದೆ ಹೋದ. ಮೊಂಜಾದಲ್ಲಿ ಫೋರ್ಸ್ ಇಂಡಿಯಾದ ಏಡ್ರಿಯನ್ ಸೂಟಿಲ್ ನಾಲ್ಕನೆಯವನಾದ, ಫಿಸಿಕೆಲ್ಲಾ ಫೆರಾರಿಯಲ್ಲಿ ಒಂಬತ್ತನೆಯವನು. ಉಳಿದ ರೇಸುಗಳಲ್ಲೂ ಒಂದು ಅಂಕ ಬರಲಿಲ್ಲ. ಲೆಕ್ಕ ನೋಡಿದರೆ ಶುದ್ಧ ನಷ್ಟ. ಆದರೆ ಇಟಲಿಯ ಹುಡುಗನೊಬ್ಬ ಮೊಂಜಾದಲ್ಲಿ ಫೆರಾರಿ ಓಡಿಸುವ ಅವಕಾಶ ಬಂದಾಗ ಬೇಡವೆಂದು ಕೂರಬೇಕಿತ್ತು ಎಂದು ಹೇಳುವ ಮನಸ್ಸು ನನಗಿಲ್ಲ.

ಪ್ರೋಸ್ಟ್‌ನ ರೀತಿ ಇವರೆಲ್ಲರಿಂದ ಬೇರೆ. ಸೆನ್ನಾನ ಜೊತೆ ಒಂದೇ ಗ್ಯಾರೇಜಿನಲ್ಲಿ ಎರಡು ವರ್ಷ ಬೆಂದವನು 1993ಕ್ಕೆ ವಿಲಿಯಮ್ಸ್ ಸೇರುವಾಗ ಸೆನ್ನಾನನ್ನು ತೆಗೆದುಕೊಳ್ಳಕೂಡದು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿದ. ಸೆನ್ನಾ ಪುಕ್ಕಟೆ ಓಡಿಸಲು ಸಿದ್ಧನಿದ್ದ, ಆದರೂ ಬಾಗಿಲು ತೆರೆಯಲಿಲ್ಲ. 1994ಕ್ಕೆ ಸೆನ್ನಾ ಬರುವುದು ನಿಶ್ಚಯವಾದಾಗ ನಾಲ್ಕನೆಯ ಪಟ್ಟ ಗೆದ್ದು ನಿವೃತ್ತನಾದ. ಇದನ್ನು ಹೇಡಿತನ ಎಂದವರುಂಟು. ತನ್ನ ಸಹನೆಯ ಮಿತಿ ಗೊತ್ತಿದ್ದು ಅದನ್ನು ಕಾಗದದ ಮೇಲೆ ಬರೆಸುವ ಧೈರ್ಯ ಎಷ್ಟು ಚಾಲಕರಿಗಿದೆ?

ಅಲೊನ್ಸೊ ಈಗ ಆಸ್ಟನ್ ಮಾರ್ಟಿನ್‌ನಲ್ಲಿದ್ದಾನೆ. ಈ ತಂಡ ಹಿಂದೆ ಮಲ್ಯರ ಫೋರ್ಸ್ ಇಂಡಿಯಾ ಆಗಿದ್ದದ್ದೇ. 2018ರಲ್ಲಿ ಅದು ಕುಸಿದಾಗ ಕೆನಡಾದ ಲಾರೆನ್ಸ್ ಸ್ಟ್ರೋಲ್ ಮುಂದಾಳತ್ವದ ಹೂಡಿಕೆದಾರರು ಕೊಂಡರು, 2021ರಲ್ಲಿ ಹೆಸರು ಆಸ್ಟನ್ ಮಾರ್ಟಿನ್ ಆಯಿತು. ಅಲ್ಲಿಗೆ ಅವನು ಹೋದ ಬಗೆಯೂ ಅವನದೇ. 2022ರ ಜುಲೈ 28ರಂದು ವೆಟೆಲ್ ನಿವೃತ್ತಿ ಪ್ರಕಟಿಸಿದ. ಭಾನುವಾರ ಹಂಗೆರಿಯಲ್ಲಿ ರೇಸ್. ಸೋಮವಾರ ಬೆಳಿಗ್ಗೆ ಆ ಜಾಗಕ್ಕೆ ಅಲೊನ್ಸೊ ಬರುತ್ತಾನೆ ಎಂಬ ಪ್ರಕಟಣೆ. ಅವನು ಓಡಿಸುತ್ತಿದ್ದ ಆಲ್ಪೈನ್ ತಂಡದ ಮುಖ್ಯಸ್ಥರಿಗೆ ಅದು ಖಚಿತವಾದದ್ದೂ ಆ ಪ್ರಕಟಣೆಯಿಂದಲೇ. ನಾಲ್ಕು ದಿನದಲ್ಲಿ ಎಲ್ಲ ಮುಗಿದಿತ್ತು.

2023ರಲ್ಲಿ ಎಂಟು ಪೋಡಿಯಂ, ಚಾಲಕರ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ. ಆಮೇಲೆ ಕಾರು ಮತ್ತೆ ಹಿಂದೆ ಬಿತ್ತು. ಹಳೆಯ ಅಲೊನ್ಸೊ ಆಗಿದ್ದರೆ ಅಷ್ಟರಲ್ಲಿ ಬಾಗಿಲು ಹುಡುಕುತ್ತಿದ್ದ. ಈ ಸಲ 2024ರ ಏಪ್ರಿಲ್‌ನಲ್ಲಿ 2026ರವರೆಗೆ ಒಪ್ಪಂದ ಮುಂದುವರಿಸಿದ. 2026ರಿಂದ ಆಸ್ಟನ್ ಮಾರ್ಟಿನ್‌ಗೆ ಎಂಜಿನ್ ಕೊಡುವುದು ಹೋಂಡಾ ಎಂದು ಗೊತ್ತಿದ್ದೇ ಸಹಿ ಹಾಕಿದ. ಸುಜುಕಾದ ಆ ಕೂಗಿನ ನಂತರ ಇಬ್ಬರೂ ಮತ್ತೆ ಒಂದೇ ಮೇಜಿಗೆ ಕೂರಲು ಒಪ್ಪಿದ್ದಾರೆ ಎಂದರೆ ಅದರಲ್ಲಿ ಹೋಂಡಾದ ದೊಡ್ಡತನವೂ ಇದೆ.

ವಯಸ್ಸು ಅವನನ್ನು ಬದಲಾಯಿಸಿತು, ಕೊನೆಗೂ ಕಾಯುವುದನ್ನು ಕಲಿತ ಎಂದು ಈಗ ಬರೆಯುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಪಕ್ಕದ ಕಾರಿನಲ್ಲಿರುವವನು ಮಾಲೀಕರ ಮಗ ಲ್ಯಾನ್ಸ್ ಸ್ಟ್ರೋಲ್. 2023ರಲ್ಲಿ ಅಲೊನ್ಸೊ 206 ಅಂಕ ಗಳಿಸಿದಾಗ ಲ್ಯಾನ್ಸ್ ಗಳಿಸಿದ್ದು 74. ರೆನೊ ಬಿಟ್ಟ ಮೇಲೆ ಅವನು ಹುಡುಕುತ್ತಿದ್ದ ಜಾಗ ಇದೇ ಇರಬೇಕು: ವೇಗದ ವಿಷಯದಲ್ಲಿ ಎದುರಾಡುವವರಿಲ್ಲ, ತಂದೆಯ ಮಮತೆ ಯಾರ ಕಡೆ ಎನ್ನುವುದು ಮೊದಲೇ ಗೊತ್ತಿರುವುದರಿಂದ ಅದಕ್ಕಾಗಿ ಜಗಳವೂ ಇಲ್ಲ. ಅವನು ಬದಲಾಗಿಲ್ಲ, ಅವನಿಗೆ ಒಗ್ಗುವ ಗ್ಯಾರೇಜು ಸಿಕ್ಕಿದೆ. ಅದು ಇಪ್ಪತ್ತೈದರ ಪ್ರಾಯದಲ್ಲಿ, ಗೆಲ್ಲುವ ಕಾರಿನ ಜೊತೆ ಸಿಗಬೇಕಿತ್ತು. ಆದರೂ 33ನೆಯ ಗೆಲುವು ಬರಲಿ ಎಂದು ನಾನು ಪ್ರತಿ ರೇಸಿಗೂ ಕಾಯುತ್ತೇನೆ, ಅದು ಹೋಂಡಾ ಎಂಜಿನ್ನಿನಿಂದ ಬಂದರೆ ಇನ್ನೂ ಸಂತೋಷ.